ಬಿಡುವಿನ ವೇಳೆ: ಮಣ್ಣಿನ ಹಕ್ಕಿಯ ಬೇಟೆ

ಈ ಪುಟಗಳಲ್ಲಿ ಇದುವರೆಗೆ ಹೂದೋಟ, ಜೇನುಸಾಕಣೆ, ನಕ್ಷತ್ರವೀಕ್ಷಣೆ ಮೊದಲಾದ ಸಾಧುವಿನೋದಗಳನ್ನು ಕುರಿತು ಬರೆಯುತ್ತ ಬಂದವನು ಈ ತಿಂಗಳು ಕೋವಿಯ ಮಾತನ್ನೆತ್ತಿರುವುದನ್ನು ಕಂಡು ವಾಚಕರಲ್ಲಿ ಕೆಲವರಿಗೆ ಆಶ್ಚರ್ಯವಾಗಬಹುದು. ನನಗೂ ಆಶ್ಚರ್ಯವೇ. ಅರುವತ್ತೆಂಟನೆಯ ವಯಸ್ಸಿನವರೆಗೆ ಕೋವಿಯ ಸುದ್ದಿ ಬಂದರೆ ಎದ್ದು ಆಚೆಗೆ ಹೋಗುತ್ತಿದ್ದವನು ನಾನು. ಅಂಥವನು ಇಂಗ್ಲೆಂಡಿನ ಒಂದು ಹಳ್ಳಿಯ ಬಯಲಿನಲ್ಲಿ ನಿಂತು, ಆಕಾಶದಲ್ಲಿ ಹಾರುವ ಕಿತ್ತಲೆ ಬಣ್ಣದ ಬಿಲ್ಲೆಗಳಿಗೆ ಗುರಿಯಿಡುವುದನ್ನು ಕಲಿತ ವೃತ್ತಾಂತವಿದು. ಕಲಿತೆನೆಂಬುದು ದೊಡ್ಡ ಮಾತು. ಕಲಿಯತೊಡಗಿದೆನೆಂದರೆ ಸತ್ಯಕ್ಕೆ ಹತ್ತಿರವಾದೀತು.

೨೦೨೪ರ ಮೇ ತಿಂಗಳಿನಲ್ಲಿ ನಾನೂ ನನ್ನ ಪತ್ನಿಯೂ ಮಗಳ ಮನೆಗೆಂದು ಇಂಗ್ಲೆಂಡಿಗೆ ಹೋದೆವು. ಆಕೆಯ ಸಂಸಾರವಿರುವುದು ವೇಲ್ಸಿನ ಗಡಿಗೆ ತಗುಲಿದ ಷ್ರಾಪ್‌ಷೈರ್ ಜಿಲ್ಲೆಯ ಒಂದು ಸಣ್ಣ ಪಟ್ಟಣದಲ್ಲಿ. ಸುತ್ತಲೂ ಹಸುರು ಗುಡ್ಡ, ಕುರಿಮಂದೆ, ಬೇಲಿ ಕಟ್ಟಿದ ಹೊಲ. ಮಲೆನಾಡಿನವನಿಗೆ ಪರಕೀಯವೆನಿಸದ ಸೀಮೆ. ಅಳಿಯನು ಎರಡು ವರ್ಷಗಳಿಂದ ಊರ ಹೊರಗಿನ ಒಂದು ಕೋವಿ ಸಂಘದ ಸದಸ್ಯನಾಗಿ ಭಾನುವಾರಗಳಲ್ಲಿ ಅಲ್ಲಿಗೆ ಹೋಗಿಬರುತ್ತಿದ್ದನು. ಆ ಸಂಗತಿಯನ್ನು ನಮಗೆ ತಿಳಿಸಿರಲಿಲ್ಲ. ನಾವು ಹೋದ ಎರಡನೆಯ ವಾರವೇ ಹನ್ನೆರಡು ವರ್ಷದ ಮೊಮ್ಮಗನು ಊಟದ ಹೊತ್ತಿನಲ್ಲಿ, “ಅಜ್ಜ, ನಾನೂ ಅಪ್ಪನ ಜೊತೆಯಲ್ಲಿ ಕ್ಲೇ ಶೂಟಿಂಗಿಗೆ ಹೋಗಲೆ? ನೀವು ಒಪ್ಪಿದರೆ ಕಳುಹಿಸುತ್ತೇನೆಂದು ಅಮ್ಮ ಹೇಳಿದ್ದಾಳೆ” ಎಂದು ಕೇಳಿಬಿಟ್ಟನು. ಮಗಳು ತಲೆ ತಗ್ಗಿಸಿಕೊಂಡು ಸಾರು ಬಡಿಸುತ್ತಿದ್ದಳು. ನಾನು “ಕೂಡದು” ಎಂದೆನು. ಆ ಹೊತ್ತಿಗೆ ಮಾತು ಅಲ್ಲಿಗೇ ನಿಂತಿತು.

ಕೂಡದೆಂದುದಕ್ಕೆ ಕಾರಣವನ್ನು ಹೇಳದೆ ಮುಂದಕ್ಕೆ ಹೋಗುವಂತಿಲ್ಲ. ೧೯೬೫ರ ಮಾತು. ತೀರ್ಥಹಳ್ಳಿಯ ಕಡೆಯ ನಮ್ಮ ಮನೆಯಲ್ಲಿ, ಗದ್ದೆಗೆ ನುಗ್ಗುವ ಹಂದಿಗಳನ್ನು ಬೆದರಿಸುವುದಕ್ಕೆಂದು ಒಂದು ಕೇಪಿನ ಕೋವಿಯಿದ್ದಿತು. ಮದ್ದನ್ನೂ ಚರೆಯನ್ನೂ ನಳಿಗೆಯ ಬಾಯಿಂದಲೇ ತುಂಬಿ ಗಜದಿಂದ ಜಡಿಯುವ ಹಳೆಯ ಮಾದರಿ. ಅದು ಜಗಲಿಯ ಗೂಟದಲ್ಲಿ ಛತ್ರಿಯ ಪಕ್ಕಕ್ಕೆ ತೂಗಾಡುತ್ತಿದ್ದಿತು. ನನಗೆ ಆಗ ಒಂಬತ್ತು ವರ್ಷ, ಅಣ್ಣನಿಗೆ ಹದಿನಾಲ್ಕು. ದೀಪಾವಳಿಯ ಹಿಂದಿನ ದಿನ ಅಣ್ಣನು ಅದನ್ನು ಕೆಳಗಿಳಿಸಿ, ಎಡಗೈಯಿಂದ ನಳಿಗೆಯ ತುದಿಯನ್ನು ಹಿಡಿದು, ಎಣ್ಣೆಬಟ್ಟೆಯಿಂದ ಒರಸುತ್ತಿದ್ದನು. “ಮದ್ದು ಇದೆಯೇನೋ ನೋಡಬೇಕು” ಎಂದನು. “ಇಲ್ಲ, ನಿನ್ನೆ ರಾತ್ರಿ ಚಿಕ್ಕಪ್ಪ ಹೊಡೆದದ್ದು ಕೇಳಿಸಲಿಲ್ಲವೆ? ಖಾಲಿಯೇ ಇದೆ” ಎಂದವನು ನಾನು. ಚಿಕ್ಕಪ್ಪನು ಹೊಡೆದದ್ದು ನಿಜ. ಹೊಡೆದ ಮೇಲೆ ಮತ್ತೆ ತುಂಬಿ, ಕೇಪನ್ನೂ ತೆಗೆಯದೆ ಬಿಟ್ಟಿದ್ದನೆಂಬುದು ನನಗೆ ತಿಳಿಯದು. ನಾನು ಆಟಕ್ಕಾಗಿ ಕುದುರೆಯನ್ನು ಹಿಂದಕ್ಕೆಳೆದು ಬಿಟ್ಟೆನು. ಅಣ್ಣನ ಎಡಗೈಯ ಎರಡು ಬೆರಳುಗಳು ಹೋದವು.

ತಂದೆಯವರು ಆ ಕೋವಿಯನ್ನು ಠಾಣೆಗೆ ಒಪ್ಪಿಸಿಬಿಟ್ಟರು. ಅಣ್ಣನು ಉಳಿದ ಮೂರು ಬೆರಳುಗಳಿಂದಲೇ ಅಡಕೆ ಸುಲಿದು, ತೋಟ ಮಾಡಿ, ತಂಗಿಯರ ಮದುವೆ ಮಾಡಿ, ನನ್ನನ್ನು ಓದಿಸಿದನು. ಒಂದು ದಿನವಾದರೂ ಅವನ ಬಾಯಿಂದ ಆ ಮಾತು ಬರಲಿಲ್ಲ. ಮನೆಯ ಮಕ್ಕಳು ಕೇಳಿದಾಗಲೆಲ್ಲ, “ಅಡಕೆಕತ್ತಿ ತಗುಲಿತು” ಎಂದು ಅವನೇ ಹೇಳಿಬಿಡುತ್ತಿದ್ದನು. ನನ್ನ ಮಗಳಿಗೆ ಅವಳ ಮದುವೆಯ ಕಾಲದಲ್ಲಿ ನಿಜವನ್ನು ಹೇಳಿದ್ದೆನು. ಮೊಮ್ಮಗನಿಗೆ ಅಡಕೆಕತ್ತಿಯ ಕಥೆಯೇ ಗೊತ್ತು.

ಹುಡುಗನು ಹಟಮಾರಿಯಲ್ಲ. ಆದರೆ ಎರಡು ದಿನ ಬಿಟ್ಟು, “ಅಜ್ಜ, ನೋಡದೆಯೇ ಕೂಡದೆಂದರೆ ಹೇಗೆ?” ಎಂದು ಮೆಲ್ಲನೆ ಕೇಳಿದನು. ಮೂವತ್ತೈದು ವರ್ಷ ಉಪಾಧ್ಯಾಯನಾಗಿದ್ದವನಿಗೆ ಈ ಪ್ರಶ್ನೆಯನ್ನು ತಳ್ಳಿಹಾಕುವುದು ಕಷ್ಟ. ನೋಡಿಬರಲು ಒಪ್ಪಿದೆನು.

ಮೊದಲು ನೋಡಿದ್ದು ಮನೆಯೊಳಗಿನ ವ್ಯವಸ್ಥೆಯನ್ನು. ಆ ದೇಶದಲ್ಲಿ ಚರೆಕೋವಿಯನ್ನು ಇಟ್ಟುಕೊಳ್ಳಬೇಕಾದರೆ ಪೊಲೀಸರಿಂದ ಪ್ರಮಾಣಪತ್ರ ಬೇಕು. ಅದರ ಅವಧಿ ಐದು ವರ್ಷ. ಅರ್ಜಿದಾರನ ದೇಹ ಮನಸ್ಸುಗಳ ಸ್ಥಿತಿಯ ವಿಷಯದಲ್ಲಿ ವೈದ್ಯರಿಂದ ವರದಿ ಬರಬೇಕು. ಅಧಿಕಾರಿಯು ಮನೆಗೆ ಬಂದು ಕೋವಿಯನ್ನು ಎಲ್ಲಿಡುವರೆಂಬುದನ್ನು ಪರೀಕ್ಷಿಸಬೇಕು. ಅಳಿಯನ ಕೋವಿಯಿದ್ದುದು ಗೋಡೆಗೆ ಬಿಗಿದ ಉಕ್ಕಿನ ಬೀರುವಿನಲ್ಲಿ. ಅದರ ಬೀಗದ ಕೈ ಎಲ್ಲಿದೆಯೆಂಬುದು ಪ್ರಮಾಣಪತ್ರವುಳ್ಳವನಿಗೆ ಹೊರತು ಹೆಂಡತಿಗೂ ತಿಳಿದಿರಕೂಡದು. “ಮನೆಯ ಎಲ್ಲ ಬೀಗದ ಕೈಗಳೂ ನನ್ನ ಕೈಯಲ್ಲಿವೆ, ಇದೊಂದು ಮಾತ್ರ ಇಲ್ಲ” ಎಂದು ಮಗಳು ನಕ್ಕಳು. ನನಗೆ ನಮ್ಮ ಜಗಲಿಯ ಗೂಟವೂ ಅದರ ಪಕ್ಕದ ಛತ್ರಿಯೂ ನೆನಪಾದವು.

ಭಾನುವಾರ ಸಂಘದ ಬಯಲಿಗೆ ಹೋದೆವು. ಇಳಿಜಾರಾದ ಒಂದು ಹುಲ್ಲುಗಾವಲು. ಒಂದು ಮರದ ಗುಡಿಸಲು. ಅದರೊಳಗೆ ಚಹಾ ಮತ್ತು ಕೇಕು. ಗುಂಡು ಹಾರುವ ದಿಕ್ಕಿನಲ್ಲಿ ಸುಮಾರು ೩೦೦ ಗಜದವರೆಗೆ ದಾರಿಯೂ ಇಲ್ಲ, ಮನೆಯೂ ಇಲ್ಲ. ಸಣ್ಣ ಚರೆಯು ಅಷ್ಟರೊಳಗೆ ಬಲಗುಂದಿ ನೆಲಕ್ಕೆ ಬೀಳುವುದರಿಂದ ಆ ಬಯಲನ್ನು ಬರಿದಾಗಿಟ್ಟಿರುತ್ತಾರೆ. ಬಂದವರಲ್ಲಿ ರೈತರಿದ್ದರು, ಒಬ್ಬ ಅಂಚೆಯವನಿದ್ದನು, ತಾಯಿಯೊಡನೆ ಬಂದ ಒಬ್ಬ ಶಾಲೆಯ ಹುಡುಗಿಯಿದ್ದಳು. ಹದಿನೈದು ವರ್ಷ ತುಂಬದವರು ಇಪ್ಪತ್ತೊಂದು ತುಂಬಿದವರ ಮೇಲ್ವಿಚಾರಣೆಯಿಲ್ಲದೆ ಅಲ್ಲಿ ಚರೆಕೋವಿಯನ್ನು ಹಿಡಿಯುವಂತಿಲ್ಲ.

ಮೊದಲು ನನ್ನ ಕಣ್ಣಿಗೆ ಬಿದ್ದುದು ಇದು: ಅಷ್ಟು ಜನರ ಕೈಯಲ್ಲಿ ಕೋವಿಯಿದ್ದರೂ ಒಂದಾದರೂ ನೆಟ್ಟಗಿರಲಿಲ್ಲ. ಈಗಿನ ಜೋಡುನಳಿಗೆಯ ಕೋವಿಯು ನಡುವಿನ ಕೀಲಿನಲ್ಲಿ ಬಾಗುತ್ತದೆ. ಬಾಗಿಸಿದಾಗ ನಳಿಗೆಗಳ ಹಿಂಬದಿಯ ಬಾಯಿ ತೆರೆದುಕೊಳ್ಳುತ್ತದೆ, ತೋಟೆಯನ್ನಿಡುವುದು ಅಲ್ಲಿಯೇ. ಗುಂಡು ಹಾರಿಸುವ ನಿಲುವಿನಲ್ಲಿ ನಿಂತ ಒಬ್ಬನನ್ನುಳಿದು ಮಿಕ್ಕವರೆಲ್ಲರೂ ಕೋವಿಯನ್ನು ಹೀಗೆ ತೆರೆದು, ಮೊಳಕೈಯ ಮೇಲೆ ಜೋತುಬಿಟ್ಟುಕೊಂಡು ಓಡಾಡುತ್ತಿದ್ದರು. ಎದುರಿಗೆ ಬಂದವನಿಗೆ ನಳಿಗೆಯೊಳಗಿಂದ ಬೆಳಕು ಕಾಣಬೇಕು. ಕಾಣದಿದ್ದರೆ ಯಾರು ಬೇಕಾದರೂ ನಿಲ್ಲಿಸಿ ಕೇಳಬಹುದು. ಸಂಘದ ಅಧ್ಯಕ್ಷರನ್ನೇ ಆ ಶಾಲೆಯ ಹುಡುಗಿಯು ಹೀಗೆ ನಿಲ್ಲಿಸಿದುದನ್ನು ನಾನು ಕಂಡೆನು. ಅವರು ಕ್ಷಮೆ ಕೇಳಿ ಕೋವಿಯನ್ನು ತೆರೆದು ತೋರಿಸಿದರು; ಅದು ಬರಿದಾಗಿಯೇ ಇದ್ದಿತು. ಆದರೂ ಯಾರೂ ನಗಲಿಲ್ಲ.

ನಮ್ಮ ಕೇಪಿನ ಕೋವಿಗೆ ಹೀಗೆ ತೆರೆದು ತೋರಿಸುವ ಬಾಯಿರಲಿಲ್ಲ. ಅದು ತುಂಬಿದೆಯೋ ಇಲ್ಲವೋ ಎಂದು ತಿಳಿಯಲು, ಗಜವನ್ನು ನಳಿಗೆಯೊಳಗೆ ಬಿಟ್ಟು ಎಷ್ಟು ಹೊರಗುಳಿಯಿತೆಂದು ಅಳೆಯಬೇಕು. ತುಂಬಿದ್ದರೆ ಗಜವು ಕೆಲವು ಅಂಗುಲ ಹೆಚ್ಚಾಗಿ ಹೊರಗೆ ನಿಲ್ಲುತ್ತದೆ. ಅಣ್ಣನು ಮಾಡಬೇಕೆಂದಿದ್ದುದು ಅದನ್ನೇ. ನನ್ನ ಮಾತನ್ನು ನಂಬಿ ಬಿಟ್ಟುಬಿಟ್ಟನು.

ಇನ್ನು ಈ ವಿನೋದದ ಪೂರ್ವಚರಿತ್ರೆ. ಅದು ಅಷ್ಟೇನೂ ಸಾಧುವಾದುದಲ್ಲ. ಹಿಂದೆ ಇಂಗ್ಲೆಂಡಿನ ಶ್ರೀಮಂತರು ಜೀವಂತ ಪಾರಿವಾಳಗಳನ್ನು ಪೆಟ್ಟಿಗೆಯಲ್ಲಿಟ್ಟು, ಹಗ್ಗವನ್ನೆಳೆದು ಮುಚ್ಚಳ ತೆರೆಸಿ, ಹಾರಿದ ಹಕ್ಕಿಯನ್ನು ಪಣ ಕಟ್ಟಿ ಹೊಡೆಯುತ್ತಿದ್ದರು. ಗುರಿಕಾರನು ಈಗಲೂ “ಪುಲ್” ಎಂದು, ಎಂದರೆ ಎಳೆ ಎಂದು ಕೂಗುವುದು ಆ ಹಗ್ಗದ ಕಾಲದ ಉಳಿಕೆ. ೧೯೦೦ರ ಪ್ಯಾರಿಸ್ ಕ್ರೀಡೆಗಳಲ್ಲಿಯೂ ಜೀವಂತ ಪಾರಿವಾಳಗಳನ್ನು ಹೊಡೆಯುವ ಪಂದ್ಯ ನಡೆಯಿತು. ಕಡೆಗೆ ೧೯೨೧ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಸೆರೆಹಕ್ಕಿಗಳನ್ನು ಬಿಟ್ಟು ಹೊಡೆಯುವುದನ್ನು ಕಾನೂನಿನಿಂದ ನಿಷೇಧಿಸಿತು. ಅಷ್ಟರೊಳಗೆ ಹಕ್ಕಿಗೆ ಬದಲು ಹುಡುಕಿದವರು ಅನೇಕರು. ಅಮೆರಿಕದವರು ಮೊದಲು ಗಾಜಿನ ಚೆಂಡುಗಳನ್ನು ಎಸೆದರು. ಒಡೆದಾಗ ಹಕ್ಕಿಯ ಭ್ರಮೆಯಾಗಲೆಂದು ಕೆಲವರು ಅದರೊಳಗೆ ಗರಿಗಳನ್ನು ತುಂಬುತ್ತಿದ್ದರು. ೧೮೮೦ರಲ್ಲಿ ಸಿನ್ಸಿನಾಟಿ ನಗರದ ಜಾರ್ಜ್ ಲಿಗೋವ್‌ಸ್ಕಿ ಎಂಬಾತನು ಸುಟ್ಟ ಮಣ್ಣಿನ ಬಿಲ್ಲೆಯನ್ನು ಕಂಡುಹಿಡಿದನು. ಹುಡುಗರು ನೀರಿನ ಮೇಲೆ ಚಿಪ್ಪುಗಳನ್ನು ಜಾರಿಸಿ ಎಸೆಯುವುದನ್ನು ನೋಡಿ ಅವನಿಗೆ ಈ ಯೋಚನೆ ಹೊಳೆಯಿತೆಂದು ಹೇಳುತ್ತಾರೆ. ಆ ಮಣ್ಣು ಗಟ್ಟಿಯಾಗಿ, ಚರೆ ತಗುಲಿದರೂ ಒಡೆಯದಿರುತ್ತಿದ್ದುದರಿಂದ ಮುಂದೆ ಡಾಂಬರಿನಂಥ ಅಂಟನ್ನೂ ಸುಣ್ಣಕಲ್ಲಿನ ಪುಡಿಯನ್ನೂ ಬೆರಸಿ ಬಿಲ್ಲೆ ಮಾಡತೊಡಗಿದರು. ಆದುದರಿಂದ ಈಗಿನ ಮಣ್ಣಿನ ಹಕ್ಕಿಯಲ್ಲಿ ಮಣ್ಣೂ ಇಲ್ಲ, ಹಕ್ಕಿಯೂ ಇಲ್ಲ. ೧೧೦ ಮಿಲಿಮೀಟರು ಅಗಲದ, ನೂರು ಗ್ರಾಮಿಗೆ ತುಸು ಮೇಲ್ಪಟ್ಟ ತೂಕದ, ಕೈಜಾರಿದರೆ ಒಡೆಯುವ ಒಂದು ತಟ್ಟೆ, ಅಷ್ಟೆ.

ಕೃತಕ ಹಕ್ಕಿಯು ನಮಗೇನೂ ಹೊಸದಲ್ಲ. ದ್ರೋಣಾಚಾರ್ಯರು ಶಿಷ್ಯರನ್ನು ಪರೀಕ್ಷಿಸುವುದಕ್ಕಾಗಿ ಮರದ ತುದಿಯಲ್ಲಿಟ್ಟದ್ದು ಶಿಲ್ಪಿಗಳಿಂದ ಮಾಡಿಸಿದ ಹಕ್ಕಿಯನ್ನು. ಕೊಡಗಿನಲ್ಲಿ ಕೈಲುಮುಹೂರ್ತದ ಹಬ್ಬದ ದಿನ ಕೋವಿಗಳನ್ನು ತೋಕ್‌ಪೂವಿನಿಂದ ಅಲಂಕರಿಸಿ ಪೂಜಿಸಿದ ಮೇಲೆ, ಎತ್ತರದ ಮರದಲ್ಲಿ ಕಟ್ಟಿದ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಪಂದ್ಯವನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ಯಾವ ಜೀವಕ್ಕೂ ನೋವಿಲ್ಲದೆ ಕೈಕಣ್ಣುಗಳನ್ನು ಪರೀಕ್ಷಿಸಿಕೊಳ್ಳಬೇಕೆಂಬ ಆಸೆ ಎಲ್ಲ ದೇಶಗಳಲ್ಲಿಯೂ ಇರುವುದೆಂದು ತೋರುತ್ತದೆ.

ನೋಡಿಬರುವೆನೆಂದು ಹೋದವನು ಕೋವಿಯನ್ನು ಹಿಡಿದುದು ಹೇಗೆಂದರೆ, ಅಲ್ಲಿನ ಶಿಕ್ಷಕಿಯ ದೆಸೆಯಿಂದ. ಆಕೆಯು ಆಸ್ಪತ್ರೆಯಲ್ಲಿ ದಾದಿಯಾಗಿದ್ದು ನಿವೃತ್ತಳಾದವಳು, ನನ್ನ ಓರಗೆಯವಳು. ಪೊಲೀಸರು ಒಪ್ಪಿದ ಸ್ಥಳದಲ್ಲಿ, ಒಪ್ಪಿದ ವೇಳೆಯಲ್ಲಿ, ಕೃತಕ ಗುರಿಗಳನ್ನು ಹೊಡೆಯುವುದಕ್ಕೆ ಪ್ರಮಾಣಪತ್ರವಿಲ್ಲದವನೂ ಚರೆಕೋವಿಯನ್ನು ಬಳಸಬಹುದೆಂದು ೧೯೬೮ರ ಕಾನೂನಿನಲ್ಲಿದೆ. ಆ ಸಂಘಕ್ಕೆ ಅಂಥ ಒಪ್ಪಿಗೆಯಿದ್ದಿತು. “ಮೊಮ್ಮಗನಿಗೆ ಹೌದೆನ್ನುವಿರೋ ಇಲ್ಲವೆನ್ನುವಿರೋ, ತಿಳಿದು ಹೇಳಿರಿ” ಎಂದಳು. ಬೆಂಚಿನ ಮೇಲೆ ಕುಳ್ಳಿರಿಸಿ ಅರ್ಧ ಗಂಟೆ ಪಾಠ ಹೇಳಿದಳು. ಪ್ರತಿಯೊಂದು ಕೋವಿಯೂ ತುಂಬಿದೆಯೆಂದೇ ತಿಳಿಯತಕ್ಕದ್ದು. ಬರಿದಾಗಿದ್ದರೂ ಅದರ ಬಾಯನ್ನು ಯಾರ ಕಡೆಗೂ ತಿರುಗಿಸತಕ್ಕದ್ದಲ್ಲ. ಒಬ್ಬರ ಕೈಯಿಂದ ಇನ್ನೊಬ್ಬರಿಗೆ ಕೊಡುವಾಗ ತೆರೆದೇ ಕೊಡತಕ್ಕದ್ದು. ಪಡೆದವನು ತಾನೂ ನೋಡತಕ್ಕದ್ದು. ಟ್ರಿಗರನ್ನು ಎಳೆದರೂ ತೋಟೆ ಹಾರದಿದ್ದರೆ ಗುರಿಯ ದಿಕ್ಕಿಗೇ ಹಿಡಿದುಕೊಂಡು ಸ್ವಲ್ಪ ಹೊತ್ತು ಕಾದು, ಆಮೇಲೆ ತೆರೆಯತಕ್ಕದ್ದು. ಇಪ್ಪತ್ತರ ಅಳತೆಯ ಸಣ್ಣ ತೋಟೆಯು ಅರಿಯದೆ ಹನ್ನೆರಡರ ಕೋವಿಗೆ ಬಿದ್ದರೆ ನಳಿಗೆಯೊಳಕ್ಕೆ ಜಾರಿ ಸಿಕ್ಕಿಕೊಳ್ಳುತ್ತದೆ. ಅದರ ಹಿಂದೆ ಮತ್ತೊಂದನ್ನು ಹಾರಿಸಿದರೆ ನಳಿಗೆ ಸಿಡಿಯುತ್ತದೆ. ಈ ಕಾರಣದಿಂದಲೇ ಇಪ್ಪತ್ತರ ತೋಟೆಗಳಿಗೆ ಹಳದಿ ಬಣ್ಣವಿರುವುದು. ಇಷ್ಟನ್ನೂ ನನ್ನಿಂದ ತಿರುಗಿ ಹೇಳಿಸಿದಳು, ನಾನು ಮಕ್ಕಳಿಂದ ಮಗ್ಗಿ ಹೇಳಿಸುತ್ತಿದ್ದಂತೆ.

ತರುವಾಯ ಕಣ್ಣಿನ ಪರೀಕ್ಷೆ. ಇದನ್ನು ವಾಚಕರು ಕುಳಿತಲ್ಲಿಯೇ ಮಾಡಿ ನೋಡಬಹುದು. ಎರಡು ಕಣ್ಣುಗಳನ್ನೂ ತೆರೆದು, ದೂರದ ಒಂದು ವಸ್ತುವಿಗೆ ತೋರುಬೆರಳನ್ನು ನೇರವಾಗಿ ಚಾಚಿ ಹಿಡಿಯಿರಿ. ಈಗ ಎಡಗಣ್ಣನ್ನು ಮುಚ್ಚಿರಿ. ಬೆರಳು ವಸ್ತುವಿನ ಮೇಲೆಯೇ ನಿಂತರೆ ಬಲಗಣ್ಣು ನಿಮ್ಮ ಮುಖ್ಯನೇತ್ರ. ಪಕ್ಕಕ್ಕೆ ಜಿಗಿದಂತೆ ಕಂಡರೆ ಎಡಗಣ್ಣು. ಬಲಗೈಯವರೆಲ್ಲರಿಗೂ ಬಲಗಣ್ಣೇ ಮುಖ್ಯವಾಗಿರುವುದಿಲ್ಲ. ಇದನ್ನು ತಿಳಿಯದೆ ಗುರಿಯಿಟ್ಟು, ನನಗೆ ಈ ವಿದ್ಯೆ ಒಲಿಯದೆಂದು ಕೈಬಿಟ್ಟವರು ಬಹಳ ಮಂದಿ ಎಂದು ಆಕೆಯು ಹೇಳಿದಳು.

ಕಿವಿಗೆ ಮುಚ್ಚಳ, ಕಣ್ಣಿಗೆ ಕನ್ನಡಕ, ತಲೆಗೆ ಟೋಪಿ ಧರಿಸಿ ನಿಲುವಿಗೆ ಹೋದೆನು. ಕೋವಿಯ ತೂಕ ಸುಮಾರು ಮೂರೂವರೆ ಕಿಲೋ. ನನ್ನ ವಯಸ್ಸನ್ನು ನೋಡಿ ೨೧ ಗ್ರಾಮು ಚರೆಯ ಹಗುರ ತೋಟೆಯನ್ನು ಕೊಟ್ಟಳು; ಮಾಮೂಲಿನದು ೨೮ ಗ್ರಾಮಿನದು. ಹಿಂಬದಿಯನ್ನು ಭುಜದ ಕುಳಿಗೆ ಒತ್ತಿ, ಕೆನ್ನೆಯನ್ನು ಮರಕ್ಕೆ ತಗುಲಿಸಿ, ಮುಂಗಾಲಿನ ಮೇಲೆ ತುಸು ಭಾರ ಬಿಟ್ಟು ನಿಂತೆನು. “ಪುಲ್” ಎಂದೆನು. ಬಿಲ್ಲೆಯು ಹಾರಿತು. ಟ್ರಿಗರನ್ನು ಎಳೆದೆನು. ಬಿಲ್ಲೆಯು ತನ್ನ ಪಾಡಿಗೆ ಹೋಗಿ ಹುಲ್ಲಿನ ಮೇಲೆ ಬಿದ್ದಿತು. ಭುಜಕ್ಕೆ ಬಿದ್ದ ಪೆಟ್ಟು ನಾನು ಹೆದರಿದಷ್ಟಿರಲಿಲ್ಲ. ಆದರೆ ಕೋವಿಯನ್ನು ತೆರೆದೊಡನೆ ನಳಿಗೆಯಿಂದ ಒಂದು ಎಳೆ ಹೊಗೆಯೆದ್ದಿತು. ಅದರ ವಾಸನೆಯು ನಮ್ಮ ಹಳೆಯ ಕರಿಮದ್ದಿನ ವಾಸನೆಯಲ್ಲ, ಬೇರೆಯದೇ. ಆದರೂ ಅಷ್ಟು ಸಾಕಾಯಿತು. ಜಗಲಿಯೂ ಎಣ್ಣೆಬಟ್ಟೆಯೂ ಅಣ್ಣನ ಮುಖವೂ ಕಣ್ಣೆದುರಿಗೆ ಬಂದು ನಿಂತವು. ಕೈ ನಡುಗತೊಡಗಿತು. ಕೋವಿಯನ್ನು ತೆರೆದಂತೆಯೇ ಆಕೆಯ ಕೈಗೆ ಕೊಟ್ಟು ಬೆಂಚಿಗೆ ಹೋಗಿ ಕುಳಿತೆನು.

ಆಕೆಯು ಏನನ್ನೂ ಕೇಳದೆ ಒಂದು ಬಟ್ಟಲು ಚಹಾವನ್ನು ತಂದಿಟ್ಟಳು. ಐವತ್ತೊಂಬತ್ತು ವರ್ಷಗಳಲ್ಲಿ ನನ್ನ ಹೆಂಡತಿಗೂ ಮಗಳಿಗೂ ಹೊರತು ಯಾರಿಗೂ ಹೇಳದಿದ್ದ ಮಾತನ್ನು ನಾನು ಪರದೇಶದ ಆ ಹೆಂಗಸಿಗೆ ಹೇಳಿದೆನು. ಕೇಳಿ ಆಕೆಯು ಸಮಾಧಾನದ ಮಾತನ್ನೇನೂ ಆಡಲಿಲ್ಲ. “ಕೋವಿಯನ್ನು ಕೈಗೆ ಕೊಡುವಾಗ ನೀವು ತೆರೆದೇ ಕೊಟ್ಟಿರಿ. ಅಷ್ಟು ಕೈ ನಡುಗುತ್ತಿದ್ದರೂ ಮರೆಯಲಿಲ್ಲ. ಇಲ್ಲಿಗೆ ಬರುವ ಎಲ್ಲರಿಗೂ ನಾನು ಕಲಿಸಬೇಕಾದದ್ದು ಅದೊಂದೇ, ಉಳಿದದ್ದು ಆಟ” ಎಂದಳು.

ಆಟವನ್ನು ಕಲಿಯಲು ಅನಂತರ ಎಂಟು ಭಾನುವಾರ ಹೋದೆನು. ಅದರ ಮರ್ಮವನ್ನು ಎರಡು ಮಾತಿನಲ್ಲಿ ಹೇಳಬಹುದು. ಮೊದಲನೆಯದು, ನೋಟವು ಬಿಲ್ಲೆಯ ಮೇಲಿರಬೇಕು, ನಳಿಗೆಯ ಮೇಲಿರಕೂಡದು. ಹಕ್ಕಿಯ ತಲೆಯೊಂದು ಮಾತ್ರ ಕಾಣುತ್ತದೆ, ಬೇರೇನೂ ಕಾಣದೆಂದು ಅರ್ಜುನನು ಹೇಳಿದುದರ ಅರ್ಥ ನನಗೆ ಮಕ್ಕಳಿಗೆ ಪಾಠ ಹೇಳುವಾಗ ಆದುದಕ್ಕಿಂತ ಹೆಚ್ಚಾಗಿ ಅಲ್ಲಿ ಆಯಿತು. ಗುರಿ ಸರಿಯೇ ಎಂದು ನಳಿಗೆಯ ಕಡೆಗೆ ಒಂದು ಕ್ಷಣ ನೋಡಿದರೆ ಕೋವಿಯು ನಿಂತುಬಿಡುತ್ತದೆ. ಬಿಲ್ಲೆಯು ಮುಂದೆ ಹೋಗಿರುತ್ತದೆ.

ಎರಡನೆಯದು, ಬಿಲ್ಲೆ ಇರುವ ಕಡೆಗೆ ಹೊಡೆದರೆ ಬಿಲ್ಲೆ ಇದ್ದ ಕಡೆಗೆ ಹೊಡೆದಂತೆ. ಲೆಕ್ಕ ಹಾಕಿ ನೋಡಿರಿ. ಗಂಟೆಗೆ ೪೦ ಮೈಲಿಯ ವೇಗದಲ್ಲಿ ಅಡ್ಡಹಾಯುವ ಬಿಲ್ಲೆಯು ಒಂದು ಸೆಕೆಂಡಿಗೆ ಸುಮಾರು ೫೯ ಅಡಿ ಹೋಗುತ್ತದೆ. ೩೦ ಗಜ ದೂರವನ್ನು ಮುಟ್ಟಲು ಚರೆಗೆ ಒಂದು ಸೆಕೆಂಡಿನ ಹನ್ನೊಂದರಲ್ಲಿ ಒಂದು ಪಾಲಿನಷ್ಟು ಹೊತ್ತು ಬೇಕು. ಅಷ್ಟರಲ್ಲಿ ಬಿಲ್ಲೆಯು ಐದು ಅಡಿಗೂ ತುಸು ಮೇಲ್ಪಟ್ಟು ಮುಂದೆ ಹೋಗಿರುತ್ತದೆ. ಆದುದರಿಂದ ಕೋವಿಯನ್ನು ಬಿಲ್ಲೆಯ ಹಿಂದಿನಿಂದ ಬೀಸುತ್ತ ಬಂದು, ಅದನ್ನು ದಾಟಿ, ಮುಂದಿನ ಬಯಲಿಗೆ ಹೊಡೆಯಬೇಕು. ಹೊಡೆದ ಮೇಲೂ ಬೀಸನ್ನು ನಿಲ್ಲಿಸಬಾರದು. ಏನೂ ಇಲ್ಲದ ಜಾಗಕ್ಕೆ ನಂಬಿಕೆಯಿಂದ ಹೊಡೆಯುವುದು ಬುದ್ಧಿಗೆ ಒಗ್ಗುತ್ತದೆ, ಕೈಗೆ ಒಗ್ಗುವುದಿಲ್ಲ. ನನ್ನ ಕೈಗೆ ಒಗ್ಗಲು ಒಂದು ತಿಂಗಳು ಹಿಡಿಯಿತು.

ಮೊದಲ ದಿನದ ಆಟ ಆ ಒಂದು ತೋಟೆಗೇ ಮುಗಿದಿದ್ದಿತು. ಎರಡನೆಯ ಭಾನುವಾರ ಇಪ್ಪತ್ತೈದು ಬಿಲ್ಲೆಗಳಲ್ಲಿ ಒಡೆದದ್ದು ಎರಡು. ಮೊದಲನೆಯದು ಒಡೆದಾಗ ಕರಿಯ ಪುಡಿಯು ಗಾಳಿಯಲ್ಲಿ ಹೂವಿನಂತೆ ಬಿಚ್ಚಿಕೊಂಡಿತು. ಬೇಲಿಯ ಹಿಂದೆ ನಿಂತಿದ್ದ ಮೊಮ್ಮಗನು ನನಗಿಂತ ಜೋರಾಗಿ ಕೂಗಿಕೊಂಡನು. ನನಗೆ ಸಂತೋಷವಾಗಲಿಲ್ಲವೆಂದರೆ ಸುಳ್ಳಾದೀತು. ಮುಂದಿನ ವಾರಗಳಲ್ಲಿ ಆರು, ಒಂಬತ್ತು, ನಡುವೆ ಒಂದು ವಾರ ಮತ್ತೆ ನಾಲ್ಕು; ಕಡೆಯ ಭಾನುವಾರ ಹದಿನಾಲ್ಕು. ಇದು ಹೇಳಿಕೊಳ್ಳತಕ್ಕ ಸಂಖ್ಯೆಯಲ್ಲ. ಆದರೆ ಈ ಆಟದಲ್ಲಿ ಸಂಖ್ಯೆಯನ್ನು ಮುಚ್ಚಿಡುವುದಕ್ಕೂ ಸಾಧ್ಯವಿಲ್ಲ. ಬಿಲ್ಲೆಯು ಒಡೆಯಿತು, ಇಲ್ಲವೆ ಒಡೆಯಲಿಲ್ಲ, ನಡುವೆ ಮಾತಿಲ್ಲ.

ಆ ಬೇಸಿಗೆಯಲ್ಲಿಯೇ ಪ್ಯಾರಿಸಿನಲ್ಲಿ ಒಲಿಂಪಿಕ್ ಕ್ರೀಡೆಗಳು ನಡೆದವು. ಬ್ರಿಟನ್ನಿನ ನೇಥನ್ ಹೇಲ್ಸ್ ಎಂಬವನು ಟ್ರಾಪ್ ಪಂದ್ಯದಲ್ಲಿ ಸ್ವರ್ಣಪದಕ ಪಡೆದಾಗ ಸಂಘದ ಗುಡಿಸಲಿನಲ್ಲಿ ಹಬ್ಬವೇ ಆಯಿತು. ಸ್ಕೀಟ್ ಪಂದ್ಯದಲ್ಲಿ ಆ ದೇಶದ ಆಂಬರ್ ರಟರ್ ಎಂಬಾಕೆಯು, ಹೆರಿಗೆಯಾಗಿ ಸುಮಾರು ಮೂರು ತಿಂಗಳಲ್ಲಿ, ರಜತಪದಕ ಪಡೆದಳು. ಕಡೆಯ ಸುತ್ತಿನಲ್ಲಿ ಆಕೆಯ ಒಂದು ಗುರಿಯು ತಪ್ಪಿತೆಂದು ತೀರ್ಪುಗಾರರು ಎಣಿಸಿದುದರ ವಿಷಯದಲ್ಲಿ ದೊಡ್ಡ ವಿವಾದವೆದ್ದಿತು. ನಮ್ಮವರ ಪಂದ್ಯವು ಆಗಸ್ಟ್ ೫ರಂದು. ಸ್ಕ್ರೀಟಿನ ಜೋಡಿಯಾಟದಲ್ಲಿ ಅನಂತಜೀತ್ ಸಿಂಗ್ ನರೂಕನೂ ಮಹೇಶ್ವರಿ ಚೌಹಾಣಳೂ ಕಂಚಿನ ಪದಕಕ್ಕಾಗಿ ಚೀನದವರೊಡನೆ ಸೆಣಸಿದರು. ಅವರಿಗೆ ೪೪, ನಮ್ಮವರಿಗೆ ೪೩. ಒಂದೇ ಒಂದು ಬಿಲ್ಲೆ! ಮಗಳ ಮನೆಯಲ್ಲಿ ಆ ರಾತ್ರಿ ಊಟ ಯಾರಿಗೂ ರುಚಿಸಲಿಲ್ಲ.

ನಮ್ಮ ದೇಶಕ್ಕೆ ಈ ವಿದ್ಯೆಯಲ್ಲಿ ಹಿರಿಯ ಪರಂಪರೆಯಿದೆ. ಬಿಕಾನೇರಿನ ಮಹಾರಾಜ ಕರಣಿ ಸಿಂಗರು ೧೯೬೦ರಿಂದ ೧೯೮೦ರವರೆಗೆ ಐದು ಒಲಿಂಪಿಕ್‌ಗಳಲ್ಲಿ ಭಾಗವಹಿಸಿದರು. ೧೯೬೨ರಲ್ಲಿ ಕೈರೋ ನಗರದ ವಿಶ್ವ ಪಂದ್ಯದಲ್ಲಿ ರಜತಪದಕ ಪಡೆದರು. ದೆಹಲಿಯ ತುಘಲಕಾಬಾದಿನ ಗುರಿಮೈದಾನಕ್ಕೆ ಅವರ ಹೆಸರೇ ಇದೆ. ೨೦೦೪ರಲ್ಲಿ ಅಥೆನ್ಸಿನಲ್ಲಿ ಸೇನಾಧಿಕಾರಿ ರಾಜ್ಯವರ್ಧನ್ ಸಿಂಗ್ ರಾಠೋಡರು ಡಬಲ್ ಟ್ರಾಪ್ ಪಂದ್ಯದಲ್ಲಿ ಗಳಿಸಿದ ರಜತಪದಕವು, ಸ್ವತಂತ್ರ ಭಾರತಕ್ಕೆ ಒಬ್ಬನೇ ಆಟಗಾರನಿಂದ ಬಂದ ಮೊದಲನೆಯ ಒಲಿಂಪಿಕ್ ರಜತ. ನಮ್ಮಲ್ಲಿ ಇದನ್ನು ಕಲಿಯಬೇಕೆನ್ನುವವರು ತಮ್ಮ ರಾಜ್ಯದ ರೈಫಲ್ ಸಂಸ್ಥೆಯನ್ನು ಮೊದಲು ವಿಚಾರಿಸುವುದು ಲೇಸು. ಸ್ವಂತ ಕೋವಿಗೆ ೧೯೫೯ರ ಆಯುಧಗಳ ಕಾನೂನಿನಂತೆ ಪರವಾನಗಿ ಬೇಕು. ತೋಟೆ, ಬಿಲ್ಲೆ, ಮೈದಾನ ಎಲ್ಲವೂ ವೆಚ್ಚದ ಬಾಬುಗಳು. ಬಡವರ ವಿನೋದವೆಂದು ಹೇಳಲಾರೆನು.

ಈಗ ಮೊಮ್ಮಗನ ಪ್ರಶ್ನೆಗೆ ಬರೋಣ. ಸೆಪ್ಟೆಂಬರ್ ತಿಂಗಳ ಒಂದು ಸಂಜೆ ಅವನನ್ನು ಕರೆದುಕೊಂಡು ಕಾಲುವೆಯ ದಂಡೆಯ ಮೇಲೆ ನಡೆಯುತ್ತ, ದೊಡ್ಡಜ್ಜನ ಬೆರಳುಗಳನ್ನು ತೆಗೆದದ್ದು ಅಡಕೆಕತ್ತಿಯಲ್ಲವೆಂದು ಹೇಳಿದೆನು. ಖಾಲಿಯೇ ಇದೆ ಎಂದವನೂ ಕುದುರೆಯನ್ನೆಳೆದವನೂ ನಾನೇ ಎಂದು ಹೇಳಿದೆನು. ಅವನು ಬಹಳ ದೂರ ಮಾತಿಲ್ಲದೆ ನಡೆದನು. ಆಮೇಲೆ, “ಹಾಗಾದರೆ ನಾನು ಹೋಗುವುದು ಬೇಡವೆ, ಅಜ್ಜ?” ಎಂದನು. “ಹೋಗು, ಇದನ್ನು ತಿಳಿದು ಹೋಗು” ಎಂದೆನು. ಅವನು ಈಗ ಹೋಗುತ್ತಿದ್ದಾನೆ. ನನಗಿಂತ ಚೆನ್ನಾಗಿ ಹೊಡೆಯುತ್ತಾನಂತೆ. ಅಂಚೆಯವನನ್ನು ಒಮ್ಮೆ ನಿಲ್ಲಿಸಿ ಕೋವಿಯನ್ನು ತೆರೆಸಿದನೆಂದು ಮಗಳು ಬರೆದುದನ್ನು ಓದಿದಾಗ, ಅವನು ಒಡೆದ ಬಿಲ್ಲೆಗಳ ಲೆಕ್ಕಕ್ಕಿಂತ ನನಗೆ ಅದು ಹೆಚ್ಚೆನಿಸಿತು.

ಆ ರಾತ್ರಿಯೇ ಅಣ್ಣನಿಗೆ ಫೋನು ಮಾಡಿದೆನು. ನಡೆದುದನ್ನೆಲ್ಲ ಹೇಳಿದೆನು. “ನಿನಗೆ ಎಷ್ಟು ಬಿತ್ತು?” ಎಂದು ಕೇಳಿದನು. ಅಂದಿನವರೆಗೆ ಹೆಚ್ಚೆಂದರೆ ಒಂಬತ್ತು ಎಂದೆನು. “ಇಪ್ಪತ್ತೈದಕ್ಕೆ ಒಂಬತ್ತೆ! ಚಿಕ್ಕಪ್ಪನಿಗೆ ಹಂದಿಯೇ ತಗುಲುತ್ತಿರಲಿಲ್ಲ” ಎಂದು ನಕ್ಕನು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹುಡುಗನಿಗೆ ಹೇಳಿದ್ದು ಒಳ್ಳೆಯದಾಯಿತು. ಅಡಕೆಕತ್ತಿಯ ಕಥೆಯಿಂದ ಯಾರಿಗೂ ಏನೂ ಪ್ರಯೋಜನವಾಗಲಿಲ್ಲ” ಎಂದನು. ಅಷ್ಟೆ. ಅನಂತರ ಮಳೆಯ ಸಮಾಚಾರ, ಕೊಳೆರೋಗದ ಸಮಾಚಾರ.

ವಾಚಕರಲ್ಲಿ ಮಲೆನಾಡಿನವರೂ ಕೊಡಗಿನವರೂ ಅನೇಕರಿರುವರು. ನಿಮ್ಮ ಮನೆಗಳಲ್ಲಿ ಕೋವಿಯಿರಬಹುದು. ಅದು ಇಂದು ಯಾವ ಗೂಟದಲ್ಲಿದೆಯೋ ನನಗೆ ತಿಳಿಯದು. ಈ ಪುಟವನ್ನು ಮುಗಿಸಿದ ಕೂಡಲೆ, ಮನೆಯಲ್ಲಿ ಅದರ ಹೊಣೆ ಹೊತ್ತವರು ಒಮ್ಮೆ ಎದ್ದು ಹೋಗಿ ನೋಡಬೇಕೆಂದು ಬೇಡುತ್ತೇನೆ. ನಡು ಬಾಗುವ ಕೋವಿಯಾದರೆ ಬಾಗಿಸಿ, ನಳಿಗೆಯೊಳಗಿಂದ ಬೆಳಕು ಕಾಣುವುದೇ ನೋಡಿರಿ. ಕೇಪಿನ ಕೋವಿಯಾದರೆ ಮೊದಲು ಕೇಪನ್ನು ತೆಗೆದು, ಬಾಯಿಯ ಮುಂದೆ ಕೈಯನ್ನಾಗಲಿ ಮುಖವನ್ನಾಗಲಿ ತಾರದೆ ಗಜವನ್ನಿಳಿಸಿ ಅಳೆಯಿರಿ. ಆಮೇಲೆ ಬೀಗ ಹಾಕಿ, ಬೀಗದ ಕೈಯನ್ನು ಮಕ್ಕಳಿಗೆ ಎಟುಕದ ಕಡೆಯಲ್ಲಿಡಿರಿ. ಖಾಲಿಯೇ ಇದೆಯೆಂದು ಯಾರಾದರೂ ಹೇಳಿದರೆ, ಹೇಳಿದವರು ಎಷ್ಟೇ ನಂಬತಕ್ಕವರಾದರೂ, ಸ್ವತಃ ನೋಡಿಕೊಳ್ಳಿರಿ.